ಟ್ರ್ಯಾಕ್ಟರಿನ ಇಸವಿ, ಕತ್ತರಿಯ ಇಸವಿ

ಹಳೆಯ ಸಣ್ಣ ಟ್ರ್ಯಾಕ್ಟರು ಕೊಂಡವರು ಅದಕ್ಕೊಂದು ಹುಲ್ಲು ಕೊಯ್ಯುವ ಯಂತ್ರ ಹುಡುಕಲು ಹೊರಟರೆ ಮೊದಲು ಮಾತಿಗೆ ಬರುವುದು ಎಚ್‌ಪಿ. ಇಷ್ಟು ಎಚ್‌ಪಿಗೆ ಇಷ್ಟು ಅಡಿ ಎಂಬ ಲೆಕ್ಕ. ಶಿರಸಿಯಿಂದ ಫೋನು ಮಾಡುವ ನನ್ನ ಭಾವನೂ ಅದನ್ನೇ ಕೇಳಿದ್ದು: "ಎಷ್ಟು ಎಚ್‌ಪಿದು ಮಾರಾಯಾ ಅದು?" ನನ್ನ ಮಟ್ಟಿಗೆ ಆ ಪ್ರಶ್ನೆ ಎರಡನೆಯದೋ ಮೂರನೆಯದೋ. ಟ್ರ್ಯಾಕ್ಟರು ಯಾವ ಇಸವಿಯದು ಎಂಬುದು ಮೊದಲು ಗೊತ್ತಾಗಬೇಕು. ಹುಲ್ಲು ಕೊಯ್ಯುವ ಪ್ರತಿಯೊಂದು ಯಂತ್ರವೂ ತನ್ನನ್ನು ಎಳೆಯುವವರು ಯಾರೆಂದು ನೋಡಿಕೊಂಡೇ ಹುಟ್ಟಿದೆ. ಮೊದಲು ಕುದುರೆ, ಆಮೇಲೆ ಇಪ್ಪತ್ತೈದು ಎಚ್‌ಪಿಯ ಟ್ರ್ಯಾಕ್ಟರು, ಆಮೇಲೆ ಅರವತ್ತರದು. ತಲೆಮಾರು ತಪ್ಪಿಸಿ ಜೋಡಿ ಮಾಡಿದರೆ ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬಂತಾಗುತ್ತದೆ.

ನಾನಿರುವುದು ನ್ಯೂಯಾರ್ಕ್ ರಾಜ್ಯದ ಪೂರ್ವದ ಅಂಚಿನಲ್ಲಿ, ವರ್ಮಾಂಟ್ ಗಡಿಗೆ ತಾಗಿದ ಹೂಸಿಕ್ ನದಿಯ ಕಣಿವೆಯಲ್ಲಿ. ನ್ಯೂಯಾರ್ಕ್ ಎಂದೊಡನೆ ಊರಿನವರ ಕಣ್ಣಿಗೆ ಗಗನಚುಂಬಿ ಕಟ್ಟಡಗಳು ಬರುತ್ತವೆ. ಇಲ್ಲಿ ಇರುವುದು ಗುಡ್ಡ, ಹಸು, ಹುಲ್ಲು. ಹುಲ್ಲೆಂದರೆ ಇಲ್ಲಿ ಬಿತ್ತಿ, ಗೊಬ್ಬರ ಹಾಕಿ, ಬೇಸಿಗೆಯಲ್ಲಿ ಎರಡು ಮೂರು ಸಲ ಕೊಯ್ದು ಒಣಗಿಸಿ ಕಟ್ಟುವ ಬೆಳೆ. ಟಿಮೊಥಿ, ಕ್ಲೋವರ್, ನಮ್ಮಲ್ಲಿ ಕುದುರೆ ಮಸಾಲೆ ಎನ್ನುವ ಆಲ್ಫಾಲ್ಫಾ. ಕರ್ನಾಟಕದ ಬಹುಪಾಲು ರೈತರಿಗೆ ಒಣಮೇವು ಎಂದರೆ ಭತ್ತದ ಹುಲ್ಲು, ರಾಗಿ ಹುಲ್ಲು, ಜೋಳದ ಕಣಿಕೆ. ಕಾಳು ಮನೆಗೆ ಬಂದ ಮೇಲೆ ಉಳಿಯುವುದು. ಹುಲ್ಲಿಗಾಗಿಯೇ ಹುಲ್ಲು ಕೊಯ್ಯುವ ರೂಢಿ ನನಗೆ ಹೊಸದೇನಲ್ಲ, ಏಕೆಂದರೆ ಶಿರಸಿ ಸಿದ್ದಾಪುರದ ಕಡೆ ನಮಗೆ ಬ್ಯಾಣ ಎನ್ನುವ ಹುಲ್ಲುಗಾವಲುಗಳಿದ್ದವು. ಮಳೆಗಾಲ ಕಳೆದು ದೀಪಾವಳಿ ದಾಟಿದ ಮೇಲೆ ಬ್ಯಾಣದ ಹುಲ್ಲು ಹೊಂಬಣ್ಣಕ್ಕೆ ತಿರುಗಿ ಕರಡವಾಗುತ್ತದೆ. ಅದನ್ನು ಕತ್ತಿಯಲ್ಲಿ ಕೊಯ್ದು, ಹೊರೆ ಕಟ್ಟಿ, ತಲೆಯ ಮೇಲೆ ಹೊತ್ತು ತಂದು ಅಟ್ಟಕ್ಕೇರಿಸುವುದು. ಒಂದು ಪಾಲು ಕೊಟ್ಟಿಗೆಯ ದನಗಳಿಗೆ, ಹಿಂದಿನ ಕಾಲದಲ್ಲಿ ಒಂದು ಪಾಲು ಮಾಡಿನ ಹೊದಿಕೆಗೆ. ಬಗ್ಗಿದ ಬೆನ್ನು ಎತ್ತುವುದು ಮಧ್ಯಾಹ್ನದ ಊಟಕ್ಕೇ.

ನನ್ನ ಈಗಿನ ಮನೆಗೆ ಹತ್ತಿರದ ಪೇಟೆ ಹೂಸಿಕ್ ಫಾಲ್ಸ್. ಅಮೆರಿಕದ ಚಿತ್ರಕಲೆ ಗೊತ್ತಿದ್ದವರಿಗೆ ಇದು ಗ್ರ್ಯಾಂಡ್‌ಮಾ ಮೋಸೆಸ್‌ಳ ಊರು. ರೈತ ಹೆಂಗಸೊಬ್ಬಳು ಎಪ್ಪತ್ತರ ಇಳಿವಯಸ್ಸಿನಲ್ಲಿ ಬಿಡಿಸಿದ ಚಿತ್ರಗಳು 1938ರಲ್ಲಿ ಇಲ್ಲಿನ ಔಷಧಿ ಅಂಗಡಿಯ ಗಾಜಿನ ಹಿಂದೆ ನೇತಾಡುತ್ತಿದ್ದಾಗ ದಾರಿಹೋಕ ಸಂಗ್ರಾಹಕನೊಬ್ಬನ ಕಣ್ಣಿಗೆ ಬಿದ್ದವು. ಅವಳ ಚಿತ್ರಗಳಲ್ಲಿ ಹುಲ್ಲು ಕೊಯ್ಲಿನವೂ ಇವೆ. ಆದರೆ ಅವಳಿಗಿಂತ ಎಷ್ಟೋ ಮೊದಲು ಈ ಊರಿನ ಹೆಸರು ಯುರೋಪಿನ ಹೊಲಗಳಿಗೂ ತಲುಪಿತ್ತು. ವಾಲ್ಟರ್ ಎ. ವುಡ್ ಎಂಬಾತ 1850ರ ದಶಕದಲ್ಲಿ ಇಲ್ಲಿ ಹುಲ್ಲು ಮತ್ತು ಪೈರು ಕೊಯ್ಯುವ ಯಂತ್ರಗಳ ಕಾರ್ಖಾನೆ ನಡೆಸತೊಡಗಿದ. ಮುಂದೆ ಅಮೆರಿಕದ ಸಂಸತ್ತಿಗೂ ಆರಿಸಿಹೋದ. ಕಾರ್ಖಾನೆ 1920ರ ದಶಕದಲ್ಲಿ ಬಾಗಿಲು ಹಾಕಿತು. ಕುದುರೆ ಹೊಲ ಬಿಟ್ಟು ಹೋಗುತ್ತಿದ್ದ ದಶಕವೂ ಅದೇ.

ವುಡ್ ಮಾರುತ್ತಿದ್ದ ಯಂತ್ರದ ಜೀವ ಇರುವುದು ಒಂದು ಕಬ್ಬಿಣದ ಪಟ್ಟಿಯಲ್ಲಿ. ಪಟ್ಟಿಯ ಉದ್ದಕ್ಕೂ ತ್ರಿಕೋನಾಕಾರದ ಅಲಗುಗಳನ್ನು ರಿವೆಟ್ ಹೊಡೆದು ಕೂರಿಸಿರುತ್ತಾರೆ. ಆ ಪಟ್ಟಿ ಮೊನಚು ಬೆರಳುಗಳ ಸಾಲಿನ ಸೀಳಿನೊಳಗೆ ಅತ್ತಿಂದಿತ್ತ ಓಡುತ್ತದೆ. ಬೆರಳು ಹುಲ್ಲನ್ನು ಹಿಡಿದುಕೊಳ್ಳುತ್ತದೆ, ಅಲಗು ಬಂದು ಬೆರಳಿನೊಳಗಿನ ಅಂಚಿಗೆ ಒತ್ತಿ ಕತ್ತರಿಸುತ್ತದೆ. ಓಬೆಡ್ ಹಸಿ ಎಂಬ ಮಾಜಿ ನಾವಿಕ ಇದಕ್ಕೆ ಪೇಟೆಂಟ್ ಪಡೆದದ್ದು 1833ರ ಡಿಸೆಂಬರ್ 31ರಂದು. ಪಠ್ಯಪುಸ್ತಕಗಳಲ್ಲಿ ಹೆಸರಾದ ಸೈರಸ್ ಮೆಕ್‌ಕಾರ್ಮಿಕ್ ತನ್ನ ಯಂತ್ರಕ್ಕೆ ಪೇಟೆಂಟ್ ಪಡೆದದ್ದು ಮರುವರ್ಷದ ಜೂನ್‌ನಲ್ಲಿ. ಗೋಧಿಗೆ ಮೆಕ್‌ಕಾರ್ಮಿಕ್ ಗೆದ್ದ. ಹುಲ್ಲಿನ ಮಟ್ಟಿಗೆ ನಿಂತದ್ದು ಹಸಿಯ ಕತ್ತರಿ. ವ್ಯಾಪಾರದಲ್ಲಿ ಸೋತ ಹಸಿ 1860ರಲ್ಲಿ ರೈಲು ಪ್ರಯಾಣದ ನಡುವೆ, ಬಾಯಾರಿದ ಮಗುವೊಂದಕ್ಕೆ ನೀರು ತರಲು ಇಳಿದವನು, ಹೊರಟ ಗಾಡಿ ಹತ್ತಲು ಹೋಗಿ ಚಕ್ರಕ್ಕೆ ಸಿಕ್ಕಿ ಸತ್ತ. ನಡುವೆ 1847ರಲ್ಲಿ ಬಫಲೋ ಪಟ್ಟಣದ ವಿಲಿಯಂ ಕೆಚಮ್ ಹುಲ್ಲಿಗೆಂದೇ ಪ್ರತ್ಯೇಕ ಯಂತ್ರ ಮಾಡಿದ. ಆಮೇಲೆ ಓಹಾಯೋದ ಲೂಯಿಸ್ ಮಿಲ್ಲರ್ ಕತ್ತರಿ ಪಟ್ಟಿಯನ್ನು ಕೀಲಿನ ಮೇಲೆ ಕೂರಿಸಿ, ನೆಲ ಏರಿದಂತೆ ಇಳಿದಂತೆ ಅದೂ ಏರಿಳಿಯುವಂತೆ ಮಾಡಿದ. ಈ ಮಿಲ್ಲರ್ ಥಾಮಸ್ ಎಡಿಸನ್‌ಗೆ ಮಾವ. ಅಳಿಯನ ದೀಪ ಎಲ್ಲರಿಗೂ ಗೊತ್ತು, ಮಾವನ ಕೀಲು ಇವತ್ತಿಗೂ ನನ್ನ ಶೆಡ್ಡಿನಲ್ಲಿದೆ.

ನಿಂತು ಬೀಸುವ ಉದ್ದ ಹಿಡಿಯ ಕುಡುಗೋಲಿನಲ್ಲಿ ಪಳಗಿದ ಆಳು ದಿನಕ್ಕೆ ಎಕರೆಯ ಆಸುಪಾಸು ಕೊಯ್ಯುತ್ತಿದ್ದ. ಎರಡು ಕುದುರೆಯ ಯಂತ್ರ ಅದರ ಹತ್ತು ಪಟ್ಟು ಕೆಲಸ ಮಾಡಿತು. ಆದರೆ ಅದಕ್ಕೊಂದು ಕಟ್ಟುಪಾಡು ಇತ್ತು, ಇಲ್ಲಿಂದ ಮುಂದಿನ ಕತೆಗೆಲ್ಲ ಅದೇ ಬೇರು. ಕತ್ತರಿ ಓಡುವುದು ನೆಲಕ್ಕೆ ಊರಿದ ಗಾಲಿಯ ಬಲದಿಂದ. ಕುದುರೆ ನಡೆದಷ್ಟೇ ವೇಗ ಅಲಗಿಗೆ. ದಟ್ಟ ಹುಲ್ಲು ಎದುರಾಗಿ ಕುದುರೆ ನಿಧಾನಿಸಿದರೆ ಅಲಗೂ ನಿಧಾನಿಸುತ್ತದೆ, ಅಂದರೆ ಹೆಚ್ಚು ಬೇಕಾದ ಕಡೆಯೇ ಕಡಿಮೆ ಸಿಗುತ್ತದೆ. ಒದ್ದೆ ಹುಲ್ಲಿನ ಮೇಲೆ ಗಾಲಿ ಜಾರಿದರೆ ಕತ್ತರಿ ನಿಂತೇ ಹೋಯಿತು. ಗಾಡಿಯಾಳು ಕುದುರೆಯನ್ನು ಹಿಂದಕ್ಕೆ ಸರಿಸಿ, ಸಿಕ್ಕಿದ ಹುಲ್ಲು ಬಿಡಿಸಿ, ಮತ್ತೆ ಓಟ ಹಿಡಿಸಬೇಕು.

ಟ್ರ್ಯಾಕ್ಟರು ಬಂತೆಂದು ರೈತ ಕೂಡಲೇ ಹೊಸ ಯಂತ್ರ ಕೊಳ್ಳಲಿಲ್ಲ. ಯಾವ ದೇಶದ ರೈತ ಕೊಂಡಾನು? ಕುದುರೆ ಯಂತ್ರದ ಉದ್ದನೆಯ ಮೂಕಿಯನ್ನು ಗರಗಸದಲ್ಲಿ ಮೊಟಕು ಮಾಡಿ, ತುದಿಗೊಂದು ಕಬ್ಬಿಣದ ಪಟ್ಟಿ ಬಡಿದು ಟ್ರ್ಯಾಕ್ಟರಿನ ಹಿಂದೆ ಸಿಕ್ಕಿಸಿದ. ಕಲ್ಲು ಬಂದಾಗ ಪಟ್ಟಿ ಎತ್ತುವ ಸನ್ನೆ ಹಿಂದಿನ ಯಂತ್ರದ ಮೇಲೇ ಇತ್ತಲ್ಲ, ಆ ಪೀಠಕ್ಕೆ ಮನೆಯ ಹುಡುಗನನ್ನೋ ಹೆಂಡತಿಯನ್ನೋ ಕೂರಿಸಿದ. ಈ ಕಣಿವೆಯ ಎಂಬತ್ತು ದಾಟಿದ ಮುದುಕರಿಗೆ ಆ ಪೀಠದ ನೆನಪು ಚೆನ್ನಾಗಿದೆ. ನನ್ನ ನೆರೆಯ ಹೈನುಗಾರ ಹೇಳುವ ಪ್ರಕಾರ ಅವನ ಅಪ್ಪ ಒಮ್ಮೆಯೂ ಹಿಂದೆ ತಿರುಗಿ ನೋಡುತ್ತಿರಲಿಲ್ಲವಂತೆ. ಕೂಗಿದರೆ ಎಂಜಿನ್ ಸದ್ದಿನಲ್ಲಿ ಕೇಳಿಸುತ್ತಲೂ ಇರಲಿಲ್ಲವಂತೆ. ಕುದುರೆಯ ನಡಿಗೆಗೆ ಅಳೆದು ಮಾಡಿದ ಗೇರುಗಳನ್ನು ಟ್ರ್ಯಾಕ್ಟರಿನ ಓಟಕ್ಕೆ ಎಳೆದರೆ ಏನಾಗಬೇಕೋ ಅದೇ ಆಗುತ್ತಿತ್ತು. ಹಲ್ಲು ಮುರಿಯುತ್ತಿತ್ತು.

ಗಾಲಿಯ ಕಟ್ಟುಪಾಡು ಬಿಡಿಸಿದ್ದು ಪಿಟಿಒ. ಎಂಜಿನ್ನಿನ ಬಲವನ್ನು ಟ್ರ್ಯಾಕ್ಟರಿನ ಬೆನ್ನಿಗೆ ತಂದು ಒಂದು ತಿರುಗುವ ಕೋಲಿನ ಮೂಲಕ ಯಂತ್ರಕ್ಕೆ ಕೊಡುವುದನ್ನು ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಕಂಪನಿ 1918ರ ಸುಮಾರಿಗೆ ತನ್ನ 8-16 ಮಾದರಿಯಲ್ಲಿ ಮಾರಾಟಕ್ಕೆ ತಂದಿತು. 1920ರ ದಶಕದಲ್ಲಿ ಅಮೆರಿಕದ ಕೃಷಿ ಎಂಜಿನಿಯರುಗಳು ಒಟ್ಟಾಗಿ ಅದಕ್ಕೊಂದು ವೇಗ, ಒಂದು ದಿಕ್ಕು, ಒಂದು ಅಳತೆ ಗೊತ್ತು ಮಾಡಿದರು. ನಿಮಿಷಕ್ಕೆ 540 ಸುತ್ತು ಎಂದು ಇವತ್ತು ಮುಂಡಗೋಡದ ರೋಟಾವೇಟರಿನ ಮೇಲೆ ಬರೆದಿರುವುದು ಆ ತೀರ್ಮಾನದ ಫಲ. ಇನ್ನು ನೆಲದ ವೇಗ ಬೇರೆ, ಅಲಗಿನ ವೇಗ ಬೇರೆ. ದಟ್ಟ ಹುಲ್ಲಿನಲ್ಲಿ ಟ್ರ್ಯಾಕ್ಟರು ಮೊದಲ ಗೇರಿನಲ್ಲಿ ತೆವಳಿದರೂ ಕತ್ತರಿ ಪೂರ್ತಿ ವೇಗದಲ್ಲೇ ಓಡುತ್ತದೆ.

ಈ ಬಿಡುಗಡೆಯ ಮಿಕ್ಕ ಅರ್ಧವನ್ನು ಪೂರ್ತಿ ಮಾಡಿದವನು ಐರ್ಲೆಂಡಿನ ಹ್ಯಾರಿ ಫರ್ಗ್ಯುಸನ್. ಯಂತ್ರವನ್ನು ಹಿಂದೆ ಎಳೆಯುವ ಬದಲು ಮೂರು ತೋಳುಗಳಲ್ಲಿ ಟ್ರ್ಯಾಕ್ಟರಿಗೇ ತೂಗುಹಾಕಿ, ಹೈಡ್ರಾಲಿಕ್ಕಿನಿಂದ ಎತ್ತಿ ಇಳಿಸುವ ವ್ಯವಸ್ಥೆ ಅವನದು. 1938ರ ಅಕ್ಟೋಬರಿನಲ್ಲಿ ಅವನೂ ಹೆನ್ರಿ ಫೋರ್ಡೂ ಕಾಗದ ಪತ್ರವಿಲ್ಲದೆ ಬರಿಯ ಕೈ ಕುಲುಕಿ ಒಪ್ಪಂದ ಮಾಡಿಕೊಂಡರು. 1939ರ ಜೂನ್‌ನಲ್ಲಿ ಫೋರ್ಡ್ 9ಎನ್ ಹೊರಬಂತು, ಬೆಲೆ 585 ಡಾಲರ್. ಕೈ ಕುಲುಕಿದ ಒಪ್ಪಂದ ಹೆನ್ರಿಯ ಮೊಮ್ಮಗನ ಕಾಲಕ್ಕೆ ಮುರಿದುಬಿತ್ತು. 1948ರಲ್ಲಿ ಫರ್ಗ್ಯುಸನ್ 25 ಕೋಟಿ ಡಾಲರಿಗೂ ಹೆಚ್ಚಿನ ದಾವೆ ಹೂಡಿದ, 1952ರಲ್ಲಿ 92.5 ಲಕ್ಷಕ್ಕೆ ರಾಜಿಯಾದ. ಅಷ್ಟರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ಅವನದೇ ಬೂದು ಬಣ್ಣದ ಟಿಇ20 ಲಕ್ಷಗಟ್ಟಲೆ ಹೊರಬರುತ್ತಿತ್ತು. 1958ರ ಜನವರಿಯಲ್ಲಿ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವ ತಲುಪಿದ್ದು ಅದರ ಮೇಲೆ ಕೂತು. ಅದೇ ವಂಶದ ಮ್ಯಾಸಿ ಫರ್ಗ್ಯುಸನ್ 35, ಮದರಾಸಿನಲ್ಲಿ 1960ರಲ್ಲಿ ಶುರುವಾದ ಟಾಫೆಯ ಮೂಲಕ ನಮ್ಮ ಕೆಂಪು ಮ್ಯಾಸಿ 1035 ಆಗಿ ಮುಂದುವರಿಯಿತು. ಹಾವೇರಿಯ ಸಂತೆಗೆ ಬರುವ ಮ್ಯಾಸಿಯ ಬೆನ್ನಿಗೂ ನನ್ನ ಟ್ರ್ಯಾಕ್ಟರಿನ ಬೆನ್ನಿಗೂ ಇರುವುದು ಅವವೇ ಮೂರು ತೋಳು.

ನನ್ನದು 1949ರ ಫೋರ್ಡ್ 8ಎನ್. ಬೂದು ತಗಡು, ಕೆಂಪು ಹೊಟ್ಟೆ. 1947ರಿಂದ 1952ರವರೆಗೆ ಐದು ಲಕ್ಷಕ್ಕೂ ಹೆಚ್ಚು ತಯಾರಾದ ಮಾದರಿಯಾದ್ದರಿಂದ ಬಿಡಿಭಾಗಕ್ಕೆ ಬರವಿಲ್ಲ. ಬೆಲ್ಟಿನ ಚಕ್ರದಲ್ಲಿ ಅಳೆದರೆ ಇಪ್ಪತ್ತೈದರ ಆಚೀಚೆ ಎಚ್‌ಪಿ. 9ಎನ್‌ಗೆ ಮೂರೇ ಗೇರು. ಇದಕ್ಕೆ ನಾಲ್ಕು, ಹುಲ್ಲು ಕೊಯ್ಯುವವನಿಗೆ ಆ ಒಂದು ಗೇರಿನ ವ್ಯತ್ಯಾಸ ದೊಡ್ಡದು. ಎಂಜಿನ್ 1500 ಸುತ್ತಿನಲ್ಲಿದ್ದರೆ ಪಿಟಿಒ 540ಕ್ಕೆ ನಿಲ್ಲುತ್ತದೆ, ತೆಳುವಾದ ಹುಲ್ಲಿಗೆ ಮೂರನೆಯ ಗೇರು, ದಟ್ಟವಾದ ಕಡೆ ಎರಡನೆಯದು.

ಇದಕ್ಕೆ ಹೊಂದುವುದು ಅದೇ ಕಾಲದ, ಹಿಂದೆ ತೂಗುವ ಸಿಕಲ್ ಬಾರ್ ಯಂತ್ರ, ಅಂದರೆ ಹಸಿಯ ಅದೇ ಕತ್ತರಿ ಪಟ್ಟಿ, ಆರು ಅಡಿಯದು. ಫೋರ್ಡಿನ ಉಪಕರಣಗಳು ಆಗ ಡಿಯರ್‌ಬಾರ್ನ್ ಎಂಬ ಹೆಸರಿನಲ್ಲಿ ಬರುತ್ತಿದ್ದವು. ಎಚ್‌ಪಿ ಲೆಕ್ಕವೂ ಇಲ್ಲಿ ಸಲೀಸು: ಕೃಷಿ ಎಂಜಿನಿಯರುಗಳ ಕೋಷ್ಟಕದಲ್ಲಿ ಸಿಕಲ್ ಬಾರಿಗೆ ಮೀಟರಿಗೆ 1.2 ಕಿಲೋವಾಟ್, ತಿರುಗುವ ಅಲಗಿನ ಡಿಸ್ಕ್ ಯಂತ್ರಕ್ಕೆ 5. ಆರು ಅಡಿ ಎಂದರೆ ಎರಡು ಮೀಟರಿಗೂ ಕಮ್ಮಿ. ಮೂರು ಎಚ್‌ಪಿಯಲ್ಲಿ ಆಗುವ ಕೆಲಸ. ಯಾಕೆಂದರೆ ಇದು ಕುದುರೆಯ ಬಲಕ್ಕೆಂದು ಹುಟ್ಟಿದ ಕತ್ತರಿ, ಜಿಪುಣತನ ಅದರ ಹುಟ್ಟುಗುಣ.

ಜಿಪುಣನಾದರೂ ಶಿಸ್ತುಗಾರ. ಕೊಯ್ಲಿಗೆ ಮುಂಚೆ ಒಂದು ಬೆಳಗ್ಗೆ ಅದಕ್ಕಾಗಿ ಮೀಸಲಿಡಬೇಕು. ಅಲಗಿನ ಪಟ್ಟಿಯನ್ನು ಹೊರಗೆಳೆದು ಬೆಂಚಿನ ಮೇಲೆ ಮಲಗಿಸಿದರೆ ಮುರಿದ ತ್ರಿಕೋನ ಬೆರಳಿಗೇ ಗೊತ್ತಾಗುತ್ತದೆ. ಹಳೆಯ ರಿವೆಟಿನ ತಲೆ ಹಾರಿಸಿ ಹೊಸ ಅಲಗು ಕೂರಿಸುವಾಗ ಮೂರು ಇಂಚಿಗೆ ಮೂರು ಇಂಚು ಕೂದಲೆಳೆ ತಪ್ಪಬಾರದು, ಬೆರಳುಗಳ ಅಂತರವೂ ಅಷ್ಟೇ. ಅಲಗು ಓಟದ ಕೊನೆ ಮುಟ್ಟಿದಾಗ ಅದರ ನಡು ಬೆರಳಿನ ನಡುವಿಗೆ ಸರಿಯಾಗಿ ಬಂದು ನಿಲ್ಲಬೇಕು. ಕಾಲಿಂಚು ಹಿಂದೆಮುಂದೆ ಆದರೂ ಹುಲ್ಲು ಕತ್ತರಿಸುವ ಬದಲು ಜಗಿದು ಬಿಡುತ್ತದೆ. ಇನ್ನೊಂದು ಗುಟ್ಟು ನಿಂತ ಯಂತ್ರ ನೋಡಿದವರಿಗೆ ತಪ್ಪಿನಂತೆ ಕಾಣುತ್ತದೆ: ಪಟ್ಟಿಯ ಹೊರತುದಿ ಒಳತುದಿಗಿಂತ ಮುಂದಿರುತ್ತದೆ. ಅಡಿಗೆ ಕಾಲು ಇಂಚಿನಂತೆ ಆರು ಅಡಿಗೆ ಒಂದೂವರೆ ಇಂಚು. ದಾರ ಹಿಡಿದು ಅಳೆಯುತ್ತೇನೆ. ಹೊಲಕ್ಕಿಳಿದ ಮೇಲೆ ಹುಲ್ಲಿನ ತಡೆ ಆ ತುದಿಯನ್ನು ಹಿಂದಕ್ಕೆ ತಳ್ಳುತ್ತದೆ, ಆಗ ಪಟ್ಟಿ ನೆಟ್ಟಗಾಗುತ್ತದೆ. ಸವೆದ ಕೀಲಿನ ಹಳೆಯ ಯಂತ್ರ ಕೊಳ್ಳುವಾಗ ನೋಡಬೇಕಾದದ್ದು ಇದನ್ನೇ. ಬಣ್ಣ ನೋಡಿ ಕೊಂಡವರು ಬಹಳ. ತುದಿ ಹಿಡಿದು ಅಲ್ಲಾಡಿಸಿ ನೋಡಿದವರು ಕಡಿಮೆ.

ತಿರುಗುವ ಚಕ್ರದಿಂದ ಅಲಗಿಗೆ ಓಟ ಕೊಡುವ ಕೋಲಿಗೆ ಪಿಟ್‌ಮನ್ ಎನ್ನುತ್ತಾರೆ. ಆ ಕಾಲದ ಬಹಳಷ್ಟು ಯಂತ್ರಗಳಲ್ಲಿ ಅದು ಗಟ್ಟಿ ಮರದ್ದು. ಕಬ್ಬಿಣ ಸಿಗದೆ ಮರ ಹಾಕಿದ್ದೇನಲ್ಲ. ಕಲ್ಲೋ ಬೇಲಿಯ ತಂತಿಯೋ ಸಿಕ್ಕಿದರೆ ಮೊದಲು ಕೋಲು ಮುರಿಯಲಿ, ಗೇರುಪೆಟ್ಟಿಗೆ ಉಳಿಯಲಿ ಎಂದು. ಗೂಟಕ್ಕೆ ತಾಗಿದರೆ ಇಡೀ ಪಟ್ಟಿ ಕೊಂಡಿ ಬಿಟ್ಟು ಹಿಂದಕ್ಕೆ ಮಡಚಿಕೊಳ್ಳುವ ಏರ್ಪಾಡೂ ಇದೆ.

8ಎನ್‌ನ ಕುಂದು ಎಚ್‌ಪಿಯದಲ್ಲ, ಕ್ಲಚ್ಚಿನದು. ಅದರ ಪಿಟಿಒ ಹೊರಡುವುದು ಗೇರುಪೆಟ್ಟಿಗೆಯಿಂದ. ಕ್ಲಚ್ಚು ತುಳಿದರೆ ಗಾಲಿಯ ಜೊತೆ ಪಿಟಿಒ ಕೂಡ ನಿಲ್ಲುತ್ತದೆ, ಲಿಫ್ಟಿನ ಪಂಪೂ ನಿಲ್ಲುತ್ತದೆ. ಉಲ್ಟಾ ಕತೆ ಇನ್ನೂ ಕೆಟ್ಟದ್ದು. ಹಿಂದೆ ಭಾರವಾದ ತಿರುಗುವ ಯಂತ್ರವಿದ್ದರೆ, ಕ್ಲಚ್ಚು ತುಳಿದ ಮೇಲೂ ಆ ತಿರುಗುವ ಭಾರ ಕೋಲಿನ ಮೂಲಕವೇ ಗೇರುಪೆಟ್ಟಿಗೆಗೆ ಬಲ ಕೊಟ್ಟು ಟ್ರ್ಯಾಕ್ಟರನ್ನು ಮುಂದಕ್ಕೆ ತಳ್ಳುತ್ತದೆ. ಎದುರಿಗೆ ಬೇಲಿ, ಕಾಲು ಕ್ಲಚ್ಚಿನ ಮೇಲೆ, ಟ್ರ್ಯಾಕ್ಟರು ಮಾತ್ರ ನಿಲ್ಲುವುದಿಲ್ಲ. ನಡುವೆ ಒಂದೇ ದಿಕ್ಕಿಗೆ ಹಿಡಿಯುವ ಫ್ರೀವೀಲ್ ಕಪ್ಲರ್ ಹಾಕಿದರೆ ಈ ತಳ್ಳಾಟ ತಪ್ಪುತ್ತದೆ. ಎನ್ ಸಾಲಿನ ಪಿಟಿಒ ಕೋಲು 1⅛ ಇಂಚಿನದು, ರೂಢಿಯ ಅಳತೆ 1⅜. ಹೇಗೂ ಅಡಾಪ್ಟರು ಬೇಕಲ್ಲ, ಫ್ರೀವೀಲ್ ಇರುವುದನ್ನೇ ಕೊಂಡರಾಯಿತು. ಸಿಕಲ್ ಬಾರಿನಲ್ಲಿ ತಿರುಗುವ ಭಾರ ಕಡಿಮೆಯಾದ್ದರಿಂದ ಈ ಕುಂದು ಅಷ್ಟಾಗಿ ಕಾಡುವುದಿಲ್ಲ. ಇವೆರಡೂ ಒಂದೇ ಕಾಲದವು ಎಂದದ್ದು ಇದಕ್ಕೇ.

ಮುಂದಿನ ಯಂತ್ರಗಳು ಮುಂದಿನ ಟ್ರ್ಯಾಕ್ಟರಿಗೆ ಹುಟ್ಟಿದವು. ಪಿಟಿಒಗೆ ಬೇರೆಯೇ ಕ್ಲಚ್ಚು ಕೊಡುವುದನ್ನು ಕೆನಡಾದ ಕಾಕ್‌ಷಟ್ 30 ಎರಡನೆಯ ಮಹಾಯುದ್ಧ ಮುಗಿಯುತ್ತಿದ್ದಂತೆ ರೂಢಿಗೆ ತಂದಿತು, 1950ರ ದಶಕದಲ್ಲಿ ಉಳಿದವರೂ ಅದೇ ದಾರಿ ಹಿಡಿದರು. 1964ರಲ್ಲಿ ಪೆನ್ಸಿಲ್ವೇನಿಯಾದ ನ್ಯೂ ಹಾಲೆಂಡ್ ಕಂಪನಿ ಹೇಬೈನ್ ತಂದಿತು. ಕೊಯ್ದ ಹುಲ್ಲನ್ನು ಅಲ್ಲೇ ಎರಡು ರೋಲರುಗಳ ನಡುವೆ ಹಿಂಡಿ ಸಾಲು ಹಾಕುವ ಯಂತ್ರ, ದಂಟು ಜಜ್ಜಿದ್ದರಿಂದ ಒಣಗುವುದು ಬೇಗ. ಅದೇ ದಶಕದಲ್ಲಿ ನೆದರ್ಲೆಂಡ್ಸ್‌ನ ಗೆಲ್ಡ್ರೋಪಿನಿಂದ ಡ್ರಮ್ ಯಂತ್ರ ಬಂತು, ಆಮೇಲೆ ಡಿಸ್ಕ್. ಇವು ಹಸಿಯ ಕತ್ತರಿಯನ್ನು ಕೈಬಿಟ್ಟವು. ಸಣ್ಣ ಅಲಗುಗಳು ಭಾರೀ ವೇಗದಲ್ಲಿ ತಿರುಗುತ್ತ ಹುಲ್ಲನ್ನು ಹೊಡೆದೇ ತುಂಡರಿಸುತ್ತವೆ. ಹಿಡಿದು ಕೊಡುವ ಬೆರಳಿಲ್ಲ. ಮಲಗಿದ ಹುಲ್ಲಾಗಲಿ, ಇಲಿ ಗುಡ್ಡೆಯಾಗಲಿ ಲೆಕ್ಕಕ್ಕಿಲ್ಲ, ಸಿಕ್ಕಿಕೊಳ್ಳುವ ಮಾತೇ ಇಲ್ಲ. ಆ ನೆಮ್ಮದಿಗೆ ಬೆಲೆ ಎಚ್‌ಪಿ, ಜೊತೆಗೆ ತೂಕ. ಸಣ್ಣ ಡ್ರಮ್ ಯಂತ್ರವೂ ಟ್ರ್ಯಾಕ್ಟರಿನ ಒಂದು ಮಗ್ಗುಲಿಗೆ ಜೋತುಬಿದ್ದಾಗ ಗುಡ್ಡದ ಓರೆಯಲ್ಲಿ ಹಗುರ ಮೂತಿಯ 8ಎನ್‌ನ ಮುಂಗಾಲಿ ನೆಲ ಬಿಡುತ್ತದೆ. ಎಚ್‌ಪಿ ಸಾಲುತ್ತದೆ ಎಂದು ಮಾರುವವರು ಹೇಳುವುದು ಸಮತಟ್ಟಿನ ಹೊಲದ ಲೆಕ್ಕ.

ಕರಡದ ಬ್ಯಾಣದಲ್ಲಿ ಮಾತ್ರ ಈ ಚರಿತ್ರೆ ಒಂದು ಮೆಟ್ಟಿಲು ಹಾರಿತು. ಅಲ್ಲಿ ಸಿಕಲ್ ಬಾರ್ ಕಾಲಿಡಲೇ ಇಲ್ಲ. ಓರೆ ನೆಲ, ಹುಲ್ಲಿನಡಿ ತಲೆಯೆತ್ತಿದ ಜಂಬಿಟ್ಟಿಗೆ ಕಲ್ಲು, ಅಲ್ಲಲ್ಲಿ ಹುತ್ತ. ಅಲಗು ಅರ್ಧ ದಿನ ಉಳಿಯುತ್ತಿರಲಿಲ್ಲ. ಕತ್ತಿಯಿಂದ ನೇರ ಹೆಗಲಿಗೆ ತೂಗುವ ವೀಡ್ ಕಟರಿಗೆ ಬಂದರು. ಅದೂ ಡಿಸ್ಕಿನ ಜಾತಿಯದೇ, ಹೊಡೆದು ತುಂಡರಿಸುವುದು. ಹಸಿಯ ತ್ರಿಕೋನ ಅಲಗು ಕರ್ನಾಟಕಕ್ಕೆ ಬಾರದೇ ಏನೂ ಇಲ್ಲ. ಗಂಗಾವತಿ, ಸಿಂಧನೂರಿನ ಗದ್ದೆಗಳಲ್ಲಿ ಭತ್ತ ಕೊಯ್ಯುವ ಕಂಬೈನಿನ ಮೂತಿಯಲ್ಲಿ ಅತ್ತಿತ್ತ ಓಡುವುದು ಅದೇ.

ಕಂಬೈನು ಹೋದ ಗದ್ದೆಯಲ್ಲಿ ಹುಲ್ಲು ಹರಡಿ ಬಿದ್ದಿರುತ್ತದೆ, ಅದನ್ನು ಸುತ್ತಿ ಪಿಂಡಿ ಕಟ್ಟುವ ಬೇಲರುಗಳು ಈಗ ನಮ್ಮ ಕಡೆಗೂ ಬಂದಿವೆ. ಭಾವನ ಪರಿಚಯದವರೊಬ್ಬರು ಮುಂಡಗೋಡದಲ್ಲಿ ಹಳೆಯ ಮ್ಯಾಸಿಗೆ ಒಂದು ಬೇಲರು ನೋಡುತ್ತಿದ್ದಾರಂತೆ.

"ಮೂವತ್ತಾರು ಎಚ್‌ಪಿ ಇದ್ದಡ, ಸಾಕಾಗ್ತೋ ಇಲ್ಯೋ?"

"ಎಚ್‌ಪಿ ಇರಲಿ ಭಾವ. ಅರ್ಧ ಕ್ಲಚ್ಚು ತುಳಿದಾಗ ಗಾಲಿ ನಿಂತು ಪಿಟಿಒ ತಿರುಗ್ತಾ ಇರ್ತಾ, ಕೇಳು."

ಆ ಮಾದರಿಯಲ್ಲಿ ಒಂಟಿ ಕ್ಲಚ್ಚಿನದೂ ಉಂಟು, ಜೋಡಿ ಕ್ಲಚ್ಚಿನದೂ ಉಂಟು. ಅರ್ಧ ತುಳಿದಾಗ ಗಾಲಿ ಮಾತ್ರ ನಿಲ್ಲುವುದು ಜೋಡಿಯಲ್ಲಿ. ಹುಲ್ಲಿನ ಸಾಲು ದಪ್ಪವಾದಲ್ಲಿ ಟ್ರ್ಯಾಕ್ಟರು ನಿಲ್ಲಬೇಕು, ಬೇಲರು ನುಂಗುತ್ತಲೇ ಇರಬೇಕು. ಪಿಂಡಿಗೆ ದಾರ ಸುತ್ತುವಾಗಲೂ ಅಷ್ಟೆ. ಒಂಟಿ ಕ್ಲಚ್ಚಿನಲ್ಲಿ ಪ್ರತಿ ಸಲವೂ ಗೇರು ತಪ್ಪಿಸಿ, ಮತ್ತೆ ಕ್ಲಚ್ಚು ಬಿಟ್ಟು, ಬಾಯಿ ತುಂಬಿ ನಿಂತ ಬೇಲರನ್ನು ಭಾರದ ಮೇಲೇ ಎಬ್ಬಿಸಬೇಕು. ಅಂಥ ಟ್ರ್ಯಾಕ್ಟರಾದರೆ ಬೇಲರಿನ ಆಸೆ ಬಿಟ್ಟು, ಬಾಡಿಗೆಗೆ ಬರುವವರನ್ನು ಕರೆಸುವುದು ಲೇಸು ಎಂದೆ. ಬಾಡಿಗೆಯವರು ಪಿಂಡಿಗೆ ಎಷ್ಟು ಕೇಳುತ್ತಾರೆಂದು ವಿಚಾರಿಸಿ ಹೇಳುತ್ತೇನೆಂದು ಭಾವ ಫೋನಿಟ್ಟ.